ಗಲ್ಲಾಪೆಟ್ಟಿಗೆ ಪಕ್ಕದ ಆಮೆಗಳು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಹತ್ತಿರ ಬಂದಿತ್ತು. ನಾನು ಹಗರಿಬೊಮ್ಮನಹಳ್ಳಿಯವಳು, ಮನೆಯಲ್ಲೇ ಕುಳಿತು ರವಿಕೆ ಹೊಲಿಯುತ್ತೇನೆ. ಆಗ ನನ್ನ ಕೆಲಸದ ಮುಕ್ಕಾಲು ಪಾಲು ಬರುತ್ತಿದ್ದುದು ಪೇಟೆಯ ಒಂದು ದೊಡ್ಡ ಸೀರೆ ಅಂಗಡಿಯಿಂದ. ಅಲ್ಲಿ ಸೀರೆ ಕೊಂಡವರು ರವಿಕೆ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು, ನಾನು ಹೊಲಿದು ತಂದುಕೊಡುತ್ತಿದ್ದೆ.

ಆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಂದು ಗಾಜಿನ ಬೋಗುಣಿ ಇತ್ತು. ಅದರೊಳಗೆ ಎರಡು ಆಮೆ. ಹಸಿರು ಮೈ, ಕಣ್ಣಿನ ಹಿಂದೆ ಕುಂಕುಮ ಎಳೆದಂಥ ಕೆಂಪು ಗೆರೆ. ಉತ್ತರ ದಿಕ್ಕಿಗೆ ಜೀವಂತ ಆಮೆ ಇಟ್ಟರೆ ವ್ಯಾಪಾರ ಕುದುರುತ್ತದೆ ಎಂದು ಯಾರೋ ವಾಸ್ತು ಹೇಳುವವರು ಅಂಗಡಿಯ ಸಾಹುಕಾರರಿಗೆ ಹೇಳಿದ್ದರಂತೆ. ತಂದಾಗ ಬೆಂಕಿಪೊಟ್ಟಣಕ್ಕಿಂತ ಚಿಕ್ಕವು. ಆಮೇಲೆ ಅಂಗೈ ಅಗಲ ಬೆಳೆದವು, ಬೋಗುಣಿ ಮಾತ್ರ ಅದೇ. ಒಂದು ಆಮೆ ಈ ಕಡೆಯಿಂದ ಆ ಕಡೆಗೆ ತಿರುಗಬೇಕೆಂದರೆ ಇನ್ನೊಂದರ ಬೆನ್ನು ತುಳಿಯಬೇಕು. ನೀರು ಪಾಚಿಗಟ್ಟಿ ನಾರುತ್ತಿತ್ತು. ತಿನ್ನಲಿಕ್ಕೆ ಮಂಡಕ್ಕಿ. ಬಂದ ಗಿರಾಕಿಗಳು ಏನೋ ಬೇಡಿಕೊಂಡು ಒಳಗೆ ಚಿಲ್ಲರೆ ಬೇರೆ ಹಾಕಿ ಹೋಗುವರು.

ರವಿಕೆ ಕೊಡಲು ಹೋದಾಗಲೆಲ್ಲ ಬಗ್ಗಿ ನೋಡುತ್ತಿದ್ದೆ. ಒಂದು ಸಲ ಬಾಯಿ ಬಿಟ್ಟು ಹೇಳಿಯೂ ಹೇಳಿದೆ, "ಸಾವ್ಕಾರ್ರಿ, ಅವುಗಳ ಕಣ್ಣು ಬಾತು ಮುಚ್ಚಿಬಿಟ್ಟಾವ ನೋಡ್ರಿ."

ಅವರು ನೋಟು ಎಣಿಸುತ್ತಲೇ ನಕ್ಕರು. "ಧ್ಯಾನ ಮಾಡಾಕ ಹತ್ಯಾವ ತಗಿ, ಶಾರದಮ್ಮ."

ಹಬ್ಬಕ್ಕೆ ಅಂಗಡಿ ತೊಳೆಯುವ ದಿನ ನಾನು ಹೋದಾಗ ಬೋಗುಣಿ ಖಾಲಿ ಇತ್ತು. ಎರಡೂ ಆಮೆ ಒಂದು ಕ್ಯಾರಿ ಬ್ಯಾಗಿನಲ್ಲಿ, ಕಸದ ಬುಟ್ಟಿಯ ಪಕ್ಕ. ಬ್ಯಾಗು ಮೆಲ್ಲಗೆ ಅಲುಗಾಡುತ್ತಿತ್ತು.

"ಇದೇನ್ರಿ ಇದು?" ಎಂದೆ.

"ಸಾಯಾಕ ಬಂದಾವ. ಹಬ್ಬದಾಗ ಅಂಗಡಿಯೊಳಗ ಸತ್ರ ಅಪಶಕುನ. ಕೆರಿಗೆ ಒಗದು ಬಾ ಅಂತ ಹುಡುಗಗ ಹೇಳೇನಿ" ಎಂದರು ಸಾಹುಕಾರರು.

"ನನಗ ಕೊಡ್ರಿ."

"ತಗೊಂಡು ಹೋಗವಾ, ಯಾರು ಬ್ಯಾಡಂದ್ರು? ನನಗೊಂದು ಪೀಡೆ ಕಳೀತು."

ಈ ಮಾತಿಗೆ ಅಂಗಡಿಯಲ್ಲಿದ್ದವರೆಲ್ಲ ಸಾಕ್ಷಿ.

ಮನೆಗೆ ತಂದರೆ ನಮ್ಮ ಅತ್ತೆ ಹೊಸಿಲಲ್ಲೇ ಅಡ್ಡ ನಿಂತರು. "ಆಮಿ ಹೊಕ್ಕ ಮನಿ ಉದ್ಧಾರ ಆಗಂಗಿಲ್ಲ. ಹೊರಗಿಡು!" ನನಗೆ ಅಳು ಮತ್ತು ಸಿಟ್ಟು ಒಟ್ಟಿಗೇ ಬಂದವು. ಸಾಹುಕಾರನ ಅಂಗಡಿಯಲ್ಲಿದ್ದರೆ ಲಕ್ಷ್ಮಿ, ನಮ್ಮಂಥವರ ಮನೆಗೆ ಬಂದರೆ ಶನಿ. ಇದು ಯಾವ ನ್ಯಾಯ? ಹಿತ್ತಲಲ್ಲಿ ಹಿಂದೆ ಎಮ್ಮೆಗೆ ನೀರಿಡುತ್ತಿದ್ದ ಕಲ್ಲುಬಾನಿ ಇತ್ತು. ತಿಕ್ಕಿ ತೊಳೆದು ಅದರಲ್ಲಿ ಬಿಟ್ಟೆ.

ಮರುದಿನ ದನದ ಆಸ್ಪತ್ರೆಗೆ ಒಯ್ದೆ. ಹಗ್ಗ ಹಿಡಿದು ಆಕಳು, ಎಮ್ಮೆ ತಂದವರ ಸಾಲಿನಲ್ಲಿ ನಾನು ಬಕೆಟ್ ಹಿಡಿದು ನಿಂತದ್ದು ಕಂಡು ಜನ ನಕ್ಕರು. ಡಾಕ್ಟರ್ ಮೇಡಂ ನಗಲಿಲ್ಲ. "ಆಮೆ ನೋಡಿದ ಅನುಭವ ನನಗೂ ಕಡಿಮೆ, ಕೇಳಿ ಹೇಳ್ತೀನಿ" ಎಂದು ತಮ್ಮ ಪರಿಚಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿ ತಿಳಿದುಕೊಂಡರು. ಸರಿಯಾದ ಆಹಾರವಿಲ್ಲದೆ ಕಣ್ಣು ಬಾತಿವೆ, ಬಿಸಿಲು ಕಾಣದೆ ಚಿಪ್ಪು ಮೆತ್ತಗಾಗಿದೆ ಎಂದರು. ಚಿಕ್ಕ ಆಮೆಯ ಚಿಪ್ಪನ್ನು ನನ್ನ ಬೆರಳಿನಿಂದಲೇ ಒತ್ತಿಸಿದರು. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಆ ಬೆರಳನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಎರಡಕ್ಕೂ ಇಂಜೆಕ್ಷನ್ ಕೊಟ್ಟು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. "ದಿನಾ ಬಿಸಿಲು ಬೇಕು. ನೀರಿನಿಂದ ಮೇಲೆ ಹತ್ತಿ ಮೈ ಒಣಗಿಸಿಕೊಳ್ಳೋಕೆ ಕಲ್ಲು ಬೇಕು. ಸೊಪ್ಪು, ಸಣ್ಣ ಮೀನು, ಎರೆಹುಳ ಕೊಡಿ. ಆದರೆ ಕೆರೆಗೆ ಮಾತ್ರ ಬಿಡಬೇಡಿ. ಇವು ಬೇರೆ ದೇಶದ ಜಾತಿ. ಕೆರೆಯಲ್ಲಿ ಬೆಳೆದರೆ ನಮ್ಮ ಆಮೆಗಳಿಗೇ ಜಾಗ ಇಲ್ಲದ ಹಾಗೆ ಮಾಡ್ತವೆ" ಎಂದರು.

ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಎಲ್ಲಿಂದ ತರಲಿ? ಪಕ್ಕದ ಮನೆಯ ಮಮ್ತಾಜ್ ಗೋಡೆಯ ಆಚೆಯಿಂದಲೇ ಹೇಳಿದಳು, "ನೀ ಯಾಕ ಚಿಂತಿ ಮಾಡ್ತಿ ಅಕ್ಕಾ? ನಮ್ಮನ್ಯಾಗ ಮೀನ ತಂದಾಗ ನಾನೇ ಬಂದು ಹಾಕ್ತೀನಿ." ಹೇಳಿದ ಹಾಗೆ ಹಿತ್ತಲ ಬಾಗಿಲಿನಿಂದ ಬಂದು ತಾನೇ ಹಾಕಿ, ಕೈ ತೊಳೆದು ಹೋಗುತ್ತಿದ್ದಳು. ಅತ್ತೆ ಆಗ ಜಪದ ಸರ ಹಿಡಿದು ಮುಂಬಾಗಿಲಿಗೆ ಹೋಗಿ ಕೂಡುವರು.

ಚಿಕ್ಕದು ಉಳಿಯಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಕತ್ತು ಹೊರಚಾಚಿ ತೇಲುತ್ತಿತ್ತು. ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ದೊಡ್ಡದು ಮಾತ್ರ ಗಟ್ಟಿ ಜೀವ. ಮೊದಲು ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಅದು ಮೊದಲ ಸಲ ತಾನಾಗಿ ಕಲ್ಲು ಹತ್ತಿ, ಹಿಂಗಾಲು ಚಾಚಿ ಬಿಸಿಲು ಕಾಯಿಸಿದ್ದನ್ನು ನೋಡಿ ನಾನು ಮಮ್ತಾಜಳನ್ನು ಕೂಗಿ ಕರೆದೆ. ಅದು ಮತ್ತೆ ನೀರಿಗಿಳಿಯುವ ತನಕ ಇಬ್ಬರೂ ನೋಡುತ್ತ ನಿಂತೆವು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಸಾಹುಕಾರರು ಹೂವಿನಹಡಗಲಿಯಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟಿದ್ದರು. ಅದೇನೋ ಇಲ್ಲಿ ವ್ಯಾಪಾರ ತಣ್ಣಗಾಗಿತ್ತಂತೆ. ಅದೇ ವಾಸ್ತುವಿನವರು ಬಂದು, "ಲಕ್ಷ್ಮೀನ ನೀವೇ ಕೈಯಾರೆ ಹೊರಗ ಕಳಿಸೀರಿ" ಎಂದರಂತೆ. ಒಂದು ಸಂಜೆ ಸಾಹುಕಾರರು ಖುದ್ದು ನಮ್ಮ ಮನೆಗೆ ಬಂದರು. ಸೀದಾ ಹಿತ್ತಲಿಗೆ ಹೋಗಿ ಬಾನಿಯಲ್ಲಿ ಬಗ್ಗಿ ನೋಡಿ, "ಭೇಷ್ ಬೆಳದೈತಲ್ಲ! ಎರಡೂ ಕೊಟ್ಟುಬಿಡವಾ, ಹೊಸಾ ಅಂಗಡಿಗೆ ಬೇಕು" ಎಂದರು.

"ಒಂದು ಮಣ್ಣಾಗ ಐತ್ರಿ. ತಗದು ಕೊಡ್ಲೇನು?" ಎಂದೆ.

ಅವರ ಮುಖ ಬಿಗಿಯಾಯಿತು. "ಒಂದಾರ ಕೊಡು. ಮಾಲು ನಂದು."

"ಮಾಲಾಗಿದ್ರ ಕೆರಿಗೆ ಯಾಕ ಒಗಸ್ತಿದ್ರಿ? ಕೊಡಂಗಿಲ್ರಿ."

ಅವರು ಜೋರು ಮಾಡದೆ ಹೋದರು. ಮರುದಿನದಿಂದ ಹೊಲಿಗೆ ಬರುವುದು ನಿಂತಿತು. ಅದನ್ನಾದರೂ ನುಂಗಬಹುದಿತ್ತು. ಆದರೆ ಶಾರದಮ್ಮ ಅಂಗಡಿಯಿಂದ ಆಮೆ ಕದ್ದಳು ಎಂದು ಪೇಟೆಯಲ್ಲೆಲ್ಲ ಸುದ್ದಿಯಾಯಿತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬಳು ನನ್ನ ಮುಖ ನೋಡದೆ, "ಹೌದೇನ್ರಿ?" ಎಂದು ಕೇಳಿಯೇಬಿಟ್ಟಳು.

ನಮ್ಮ ಯಜಮಾನರು ಲಗೇಜ್ ಆಟೊ ಓಡಿಸುತ್ತಾರೆ. ಅವರೂ ಸೋತು ಹೇಳಿದರು, "ಕೊಟ್ಟುಬಿಡಲೇ. ಒಂದು ಆಮಿ ಸಲುವಾಗಿ ಅನ್ನಕ್ಕ ಕಲ್ಲು ಹಾಕ್ಕೋತಿಯೇನು?" ಕೊಟ್ಟರೆ ಅದು ಮತ್ತೆ ಆ ಬೋಗುಣಿಗೆ ಹೋಗುತ್ತದೆ ಎಂಬುದೊಂದೇ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಸಾಹುಕಾರರು ಮತ್ತೊಮ್ಮೆ ಬಂದರು, ಈ ಸಲ ಇಬ್ಬರು ಆಳುಗಳನ್ನು ಕರೆದುಕೊಂಡು. ಕಟ್ಟೆ ಹತ್ತಿ ಬಾಗಿಲಲ್ಲಿ ನಿಂತು, "ಕದ್ದ ಮಾಲು ದಕ್ಕಂಗಿಲ್ಲ, ತಿಳ್ಕೋ" ಎಂದು ಓಣಿಗೆಲ್ಲ ಕೇಳುವಂತೆ ಅಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಬಂದರು.

"ಆ ಆಮಿ ಕಂಡ್ರ ನನಗ ಇವತ್ತಿಗೂ ಆಗಂಗಿಲ್ಲ" ಎಂದರು. "ಆದ್ರ ನಮ್ಮ ಸೊಸಿಗೆ ಕಳ್ಳಿ ಅಂದೆಲ್ಲಪಾ, ಆಕಿ ಹೊಲಿದ ರವಿಕಿ ಮ್ಯಾಲ ಅಂಗಡಿ ಬೆಳೆಸಿದಾವ ನೀನು. ಕಸದಾಗಿಂದ ಆರಿಸ್ಕೊಂಡು ಬಂದಾಕಿ ಕಳ್ಳಿ ಆದ್ರ, ಕಸಕ್ಕ ಒಗದಾವ ಏನಾದ? ಇಳಿ ಕಟ್ಟಿ!"

ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಮಮ್ತಾಜ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸಾಹುಕಾರರು ಇಳಿದರು. ಮತ್ತೆ ಬರಲಿಲ್ಲ.

ಆಮೆ ಈಗಲೂ ನಮ್ಮ ಹಿತ್ತಲಲ್ಲಿದೆ. ಸ್ವಲ್ಪ ದಿನ ಕಷ್ಟವಾಯಿತು, ಆಮೇಲೆ ಗಿರಾಕಿಗಳು ಅಂಗಡಿಯನ್ನು ಬಿಟ್ಟು ನೇರ ಮನೆಗೇ ಬಟ್ಟೆ ತರತೊಡಗಿದರು. ಊಟಕ್ಕೇನೂ ಕೊರತೆಯಾಗಲಿಲ್ಲ.

ಹೋದ ತಿಂಗಳು ನೆಂಟರ ಮದುವೆಗೆಂದು ಹಡಗಲಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು. ಕಾಲು ತಾವಾಗಿ ಆ ಹೊಸ ಅಂಗಡಿಗೆ ಹೋದವು. ಒಳಗೆ ದೀಪಗಳ ಝಗಝಗ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಹೊಸ ಗಾಜಿನ ಪೆಟ್ಟಿಗೆ, ತಳದಲ್ಲಿ ಬಣ್ಣಬಣ್ಣದ ಗೋಲಿ. ಅದರಲ್ಲಿ ಎರಡು ಪುಟ್ಟ ಆಮೆ, ಗಾಜಿಗೆ ಕಾಲು ಹಚ್ಚಿ ಮೇಲೆ ಹತ್ತಲು ಹೆಣಗುತ್ತಿದ್ದವು. ಹತ್ತುವುದು, ಜಾರುವುದು, ಮತ್ತೆ ಹತ್ತುವುದು.

ಗಲ್ಲಾದ ಮುಂದೆ ಸಾಹುಕಾರರ ಮಗ ಕುಳಿತಿದ್ದ. ಓದಿದ ಹುಡುಗ, ಮಾತು ಮೆದು. ಜಗಳ ಬೇಡವೆಂದು ಹಲ್ಲು ಕಚ್ಚಿ ಕೇಳಿದೆ, "ತಮ್ಮಾ, ಒಳಗೊಂದು ಕಲ್ಲಾದ್ರೂ ಇಡಪಾ. ಅದರ ಮ್ಯಾಲ ಹತ್ತಿ ಕುಂದ್ರತಾವ."

ಅವನು ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕ. "ಕಲ್ಲು ಇಟ್ರ ಚಂದ ಕಾಣಂಗಿಲ್ರಿ, ಅಮ್ಮಾರ."

ನನ್ನನ್ನು ಕಳ್ಳಿ ಎಂದಾಗ ಬಂದ ಸಿಟ್ಟು ಯಾವತ್ತೋ ಇಳಿದಿದೆ. ಈ ಮಾತಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.