ಗೋಡೆಯಾಚೆಯ ತೇರ್ಸ್

ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ತೇರ್ಸ್ ಹೇಳುತ್ತಿದ್ದರು. ಒಂದು ಪದವೂ ಅರ್ಥವಾಗದ ಭಾಷೆ. ಆದರೂ ಅದು ಜಪಮಾಲೆಯ ಪ್ರಾರ್ಥನೆಯೇ ಎಂದು ಕಿವಿಗೆ ಗೊತ್ತಾಯಿತು. ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸಂಜೆ ಒಬ್ಬರು ಅದರ ಮೊದಲರ್ಧ ಹೇಳುತ್ತಾರೆ, ಉಳಿದವರು ಇನ್ನರ್ಧ ಹೇಳಿ ಉತ್ತರ ಕೊಡುತ್ತಾರೆ. ಗೋಡೆಯಾಚೆ ಎರಡೂ ಅರ್ಧಕ್ಕೆ ಒಂದೇ ದನಿ. ಈಚೆ ನನ್ನದೂ ಅದೇ ಪಾಡು.

ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನನಗೆ ನರ್ಸ್ ಕೆಲಸ, ಗಂಡನಿಗೆ ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಗೋದಾಮಿನ ಕೆಲಸ. ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಗುವವರೆಗೆ ಹೀಗೇ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು. ಒಪ್ಪಿಕೊಂಡ ಮಾತ್ರಕ್ಕೆ ಒಂಟಿತನ ಬಿಡುತ್ತದೆಯೇ? ಊರಲ್ಲಿ ತೇರ್ಸಿನ ನಡುವೆ ತೂಕಡಿಸಿದರೆ ಅಮ್ಮ ಮೊಣಕೈಯಿಂದ ತಿವಿಯುತ್ತಿದ್ದರು. ಇಲ್ಲಿ ಎಬ್ಬಿಸುವವರೂ ಇಲ್ಲ.

ಮರುದಿನ ಲಿಫ್ಟಿನಲ್ಲಿ ಆ ದನಿಯವರು ಸಿಕ್ಕರು, ಮಲಿಯಾ ಆಂಟಿ. "ಮಾಲೊ ತೆ ಮಾಉಲಿ" ಎಂದರು. ಅದು ಅವರ ಕಡೆಯ ನಮಸ್ಕಾರವಂತೆ. ಬದುಕಿದ್ದೀಯಲ್ಲ, ಒಳ್ಳೆಯದಾಯಿತು ಎಂದು ಅರ್ಥ. ಡ್ಯೂಟಿ ಮುಗಿಸಿ ಬಂದ ನರ್ಸಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೇನಿದೆ?

ಪೆಸಿಫಿಕ್ ಸಾಗರದ ವಾಲಿಸ್ ದ್ವೀಪ ಅವರದು. ಶಾಲೆಗೆ, ಕಚೇರಿಗೆ ಫ್ರೆಂಚ್. ಮನೆಗೆ, ಇಗರ್ಜಿಗೆ ವಾಲಿಸ್ ಭಾಷೆ. ಇದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆಗೆ ಕನ್ನಡ, ಅಂಗಡಿಗೆ ತುಳು, ದೇವರಿಗೆ ಕೊಂಕಣಿ ಎಂದು ಬೆಳೆದವಳು ನಾನು. ಆದರೆ ನನಗೆ ಫೋನ್ ಎತ್ತಿದರೆ ಕೊಂಕಣಿ ಸಿಗುತ್ತದೆ, ರೈಲು ಹತ್ತಿದರೆ ಎಂದಾದರೊಮ್ಮೆ ಕನ್ನಡವೂ ಕಿವಿಗೆ ಬೀಳುತ್ತದೆ. ಅವರಿಗೆ ಗಂಡ ತೀರಿಕೊಂಡ ಮೇಲೆ ಇಡೀ ಸಬರ್ಬಿನಲ್ಲಿ ಆ ಭಾಷೆಯಲ್ಲಿ ಮಾತಾಡಲು ಒಬ್ಬರೂ ಉಳಿದಿರಲಿಲ್ಲ.

"ನನ್ನ ಅರ್ಧ ನಾನು ಹೇಳ್ತೇನೆ, ನಿನ್ನ ಅರ್ಧ ನೀನು ಹೇಳು. ಮರಿಯಮ್ಮನಿಗೆ ಎರಡೂ ಭಾಷೆ ಬರ್ತದೆ" ಎಂದರು ಹರಕುಮುರುಕು ಇಂಗ್ಲಿಷಿನಲ್ಲಿ, ನಾನೂ ಒಬ್ಬಳೇ ತೇರ್ಸ್ ಹೇಳುವುದೆಂದು ತಿಳಿದ ಮೇಲೆ.

ಅಂದಿನಿಂದ ಸಂಜೆ ಅವರ ಅಡುಗೆಮನೆಯಲ್ಲಿ ನಮ್ಮ ತೇರ್ಸ್. ಹತ್ತು ಮಣಿ ಅವರು ನಡೆಸಿದರೆ ಮುಂದಿನ ಹತ್ತು ನಾನು. ಅವರ ಅರ್ಧ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಮೊದಮೊದಲು ನಡುವೆಯೇ ಬಾಯಿ ಹಾಕುತ್ತಿದ್ದೆ. ಆಮೇಲೆ ಅವರು ಉಸಿರೆಳೆಯುವುದನ್ನು ನೋಡಿ ಹಿಡಿದೆ. ನಿನ್ನ ಕೊಂಕಣಿಗೆ ಬಸ್ ತಪ್ಪಿಹೋಗುತ್ತದೆಯೇ, ಯಾಕಷ್ಟು ಅವಸರ ಎಂದು ಅವರು ನಗುತ್ತಿದ್ದರು.

ಹೋದ ವರ್ಷ ಆಂಟಿಯ ಮಗ ಬಂದು ಅವರನ್ನು ಫ್ರೆಂಚರದೇ ಇನ್ನೊಂದು ದ್ವೀಪದ ನೂಮೆಯಾ ಪಟ್ಟಣಕ್ಕೆ ಕರೆದುಕೊಂಡು ಹೋದ. ಆ ಕಡೆ ಅವರ ಜನ ವಾಲಿಸ್‌ನಲ್ಲಿರುವುದಕ್ಕಿಂತ ಹೆಚ್ಚಂತೆ. ಮೊಮ್ಮಕ್ಕಳು ಮಾತ್ರ ಅಜ್ಜಿಗೆ ಫ್ರೆಂಚಿನಲ್ಲೇ ಉತ್ತರ ಕೊಡುತ್ತಾರಂತೆ. ನನ್ನ ಗೋಡೆಯಾಚೆ ಈಗ ಟಿವಿಯ ಸದ್ದು.

ಕ್ರಿಸ್ಮಸ್‌ಗೆ ಊರಿಗೆ ಹೋದೆ. ಅಣ್ಣನ ಮನೆ ತುಂಬ ಜನ. ದೂರದಿಂದ ಬಂದವಳೆಂದು ತೇರ್ಸ್ ನಡೆಸಲು ನನಗೇ ಹೇಳಿದರು. ಮೊದಲರ್ಧ ಹೇಳಿದೆ. ಇಡೀ ಮನೆ ಒಂದೇ ದನಿಯಲ್ಲಿ ಕೊಂಕಣಿಯಲ್ಲಿ ಉತ್ತರಿಸಿತು. ವರ್ಷಗಟ್ಟಲೆ ಇದಕ್ಕಾಗಿಯೇ ಹಂಬಲಿಸಿದ್ದೆ. ಎಲ್ಲರೂ ಹೇಳಿ ಮುಗಿಸಿದರು, ನಾನು ಮುಂದುವರಿಯಲಿಲ್ಲ.

"ಕಿತೆಂ ಜಾಲೆಂ?" ಏನಾಯಿತೆಂದು ಅಣ್ಣ ಮೆಲ್ಲಗೆ ಕೇಳಿದ.

ನಾನಿನ್ನೂ ಮಲಿಯಾ ಆಂಟಿಯ ಉತ್ತರಕ್ಕೆ ಕಾಯುತ್ತಿದ್ದೆ.