ನಮ್ಮ ಹೊಲದ ಕೋಟೆಗೆ ರಾಣಿ ಬಂದದ್ದು

ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ನಮ್ಮ ಹೊಲದ ಹಾಳು ಕೋಟೆಯ ರಾಣಿಯನ್ನು ಹುಟ್ಟಿಸಿದ್ದು ನಾನು.

ಇವತ್ತು ಕೋಟೆ ನೋಡಿ ಅದರ ಇತಿಹಾಸ ಬರೆದುಕೊಳ್ಳಲು ಹುಬ್ಬಳ್ಳಿಯಿಂದ ಇಬ್ಬರು ಬಂದಿದ್ದರು. ಅಲ್ಲಿನ ಕಲ್ಲಿಗೆ ಬಳಿದ ಎಣ್ಣೆ, ಕುಂಕುಮದ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ಮೂರನೇ ಇಯತ್ತೆಯ ಹುಡುಗಿಯಾದೆ.

ಆ ಕೋಟೆ ಕಟ್ಟಿಸಿದವರು ಯಾರೆಂದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಾಲಿ ತಪ್ಪಿಸಿ ನಾನು ಅಡಗುತ್ತಿದ್ದದ್ದು ಅದರ ಮುರುಕು ಗೋಡೆಯ ಹಿಂದೆ. ಅದನ್ನು ಕೆಡವಿ ಉಳ್ಳಾಗಡ್ಡಿ ಹಚ್ಚಬೇಕೆಂದು ಅಜ್ಜ ಟ್ರ್ಯಾಕ್ಟರಿಗೆ ಹೇಳಿದ್ದ. ಅದು ಬರುವ ಹಿಂದಿನ ಸಂಜೆ ನಾನು ಅಲ್ಲಿನ ಕಲ್ಲೊಂದಕ್ಕೆ ಅವ್ವನ ಕುಂಕುಮ, ದೀಪದ ಎಣ್ಣೆ ಬಳಿದು ಬಂದೆ. ಬೆಳಿಗ್ಗೆ ಅದನ್ನು ಕಂಡ ಟ್ರ್ಯಾಕ್ಟರಿನವನು ಚಪ್ಪಲಿ ಬಿಟ್ಟು ಕೆಳಗಿಳಿದ.

"ನಾ ಒಲ್ಲೆರಿ ಯಜ್ಜಾ, ಸಣ್ಣ ಮಕ್ಕಳದಾವ ನನಗ."

"ಯಾವ ದೇವರಿದು?" ಅಂದ ಅಜ್ಜ.

"ಕೋಟಿ ರಾಣಿ. ನನ್ನ ಕನಸಿನ್ಯಾಗ ಬಂದಿದ್ಲು," ಅಂದೆ.

ವಾರದೊಳಗೆ ಅಜ್ಜನೇ ಕತೆ ಕಟ್ಟಿ ರಾಣಿಗೆ ಒಬ್ಬ ಗಂಡನನ್ನೂ ಏಳು ಕುದುರೆಗಳನ್ನೂ ಕೊಟ್ಟ.

ಇವತ್ತು ಅಜ್ಜ ಹೇಳಿದ ಅದನ್ನೆಲ್ಲ ಆ ಇಬ್ಬರು ಬರೆದುಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಯಜ್ಜಾ, ಕುಂಕುಮ ಹಚ್ಚಿದಾಕಿ ನಾನ. ರಾಣಿ ಗೀಣಿ ಯಾರೂ ಇಲ್ಲ."

ಅಜ್ಜ ಅವರ ಕಡೆ ತಿರುಗಿ ನಕ್ಕ. "ಅರ್ಧಕ್ಕ ಸಾಲಿ ಬಿಟ್ಟಾಕಿ ರೀ ಇಕಿ. ಇತಿಹಾಸ ಏನ್ ಗೊತ್ತು ಇಕಿಗೆ? ನೀವ್ ಬರಕೋರಿ."

ನನಗೆ ಹುಬ್ಬಳ್ಳಿಯ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ಹೋಗುವ ಮೊದಲು ರಾಣಿಗೆ ಕಾಯಿ ಒಡೆಸಬೇಕೆಂದು ಅಜ್ಜ ಹಟ ಹಿಡಿದಿದ್ದಾನೆ. ನಾನು ಒಡೆಸುವುದಿಲ್ಲ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.