ಬೇಲಿಯ ಒಳಗೆ ಯಾರು

ಹಲಸೂರಿನ ನಮ್ಮ ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು ಕಿವಿಯ ಸಂದಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡೇ ತರಗತಿಗೆ ಬರುತ್ತಿದ್ದರು. ಯಾವ ಲೆಕ್ಕ ಕೊಟ್ಟರೂ ತಮಿಳು ರಾಗದ ಕನ್ನಡದಲ್ಲಿ ಅದೇ ಮಾತು: "ಮೊದ್ಲು ಬೇಲಿ ಹಾಕಿ. ಒಳಗೆ ಯಾರು, ಹೊರಗೆ ಯಾರು ನೋಡಿ. ಶಕ್ತಿ ಆಮೇಲೆ."

ಶಾಲಾ ತಪಾಸಣೆಗೆ ಇನ್‌ಸ್ಪೆಕ್ಟರು ಬಂದ ದಿನ, ಬೀಳುವ ಕಲ್ಲಿನ ಲೆಕ್ಕಕ್ಕೆ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದರು. ನಾನು ಬೇಲಿಯೆಂದು ಕಲ್ಲಿನ ಸುತ್ತ ಮಾತ್ರ ಗೆರೆ ಎಳೆದೆ. ಹೊರಗಿನಿಂದ ಭೂಮಿ ಎಳೆದು ಮಾಡಿದ ಕೆಲಸವನ್ನು ಬರೆದು, ಅದಕ್ಕೆ ಎತ್ತರದ ಪ್ರಚ್ಛನ್ನ ಶಕ್ತಿಯನ್ನೂ ಕೂಡಿಸಿದೆ. ಉತ್ತರ ಇರಬೇಕಾದ್ದರ ಎರಡರಷ್ಟಾಯಿತು.

"ಅಳಿಸಿ, ಸೂತ್ರ ಬರೆಸ್ಬಿಡಿ ಮೇಷ್ಟ್ರೇ. ಟೈಮಿಲ್ಲ," ಎಂದು ಇನ್‌ಸ್ಪೆಕ್ಟರು ಎದ್ದರು. ಅವರ ವರದಿಯಿಂದಲೇ ಮೇಷ್ಟ್ರ ಕೆಲಸ ಕಾಯಂ ಆಗಬೇಕಿತ್ತು.

ಮೇಷ್ಟ್ರು ಅಳಿಸಲಿಲ್ಲ. "ಭೂಮಿ ಎಳೆದಿದ್ದನ್ನ ಎರಡು ಸಲ ಎಣಿಸಿದ್ದೀಯಮ್ಮ. ಎತ್ತರದ ಶಕ್ತಿ ಕಲ್ಲೊಂದಕ್ಕೇ ಸೇರಿದ್ದಲ್ಲ, ಕಲ್ಲಿಗೂ ಭೂಮಿಗೂ ಸೇರಿದ್ದು. ಅದು ಬೇಕು ಅಂದ್ರೆ ಭೂಮೀನೂ ಬೇಲಿ ಒಳಗೆ ತಗೋ," ಎಂದು ಕಿವಿಯಿಂದ ಸೀಮೆಸುಣ್ಣ ತೆಗೆದು ಕೊಟ್ಟರು.

ನಾನು ಭೂಮಿಯನ್ನೂ ಸೇರಿಸಿ ದೊಡ್ಡ ಗೆರೆ ಎಳೆಯತೊಡಗಿದೆ. ಇನ್‌ಸ್ಪೆಕ್ಟರು ಆಗಲೇ ಬಾಗಿಲ ಬಳಿ ಇದ್ದರು. ಮೇಷ್ಟ್ರು ಕುರ್ಚಿಯನ್ನು ಅವರತ್ತ ಎಳೆದರು.

"ಭೂಮಿ ಒಳಗೆ ಬಂತು ಅಂದ್ರೆ ನೀವೂ ಬೇಲಿ ಒಳಗೇ ಸಾರ್. ಉತ್ತರ ಬರೋವರೆಗೂ ಕೂತ್ಕೊಳ್ಳಿ."